ಬೆಟಗೇರಿ ಪೆಟಗಿ (ಹಾರ್ಮೋನಿಯಂ) ರಿಪೇರಿಯವರು: ನಮ್ಮ ಚರ್ಚಿನ ಆರ್ಗನ್ ಮತ್ತ ಉಸುರಾಡಾಕತ್ತೈತಿ

ಐದಕ್ಕ ಐದು ಸ್ಟಾರ್ ಕೊಡಾಕತ್ತೀನಿ. ಒಂದ್ ತಕರಾರು ಐತಿ, ಅದನ್ನೂ ಕೆಳಗ ಬರದೀನಿ. ಹಳೇ ಆರ್ಗನ್ ಇಟ್ಕೊಂಡು ಏನ್ ಮಾಡೂದಂತ ತಿಳೀದ ಕುಂತ ಸಭೆಯವರು ನಮ್ಮ ಕಡೆ ಭಾಳ ಮಂದಿ ಅದಾರ, ಅವರಿಗೆ ಉಪಯೋಗ ಆಗ್ಲಿ ಅಂತ ಉದ್ದ ಬರಿಯಾಕತ್ತೀನಿ.

ನಾನು ಧಾರವಾಡದಾಗ ನಮ್ಮ ಸಭೆಗೆ 14 ವರ್ಷದಿಂದ ಆರ್ಗನ್ ನುಡಸ್ತೀನಿ. ದೊಡ್ಡ ಪೈಪ್ ಆರ್ಗನ್ ಅಲ್ರಿ, ಕಾಲಿಲೆ ಪೆಡಲ್ ತುಳದು ಗಾಳಿ ಮಾಡೂ ರೀಡ್ ಆರ್ಗನ್, 61 ಪಟ್ಟಿ, ಎರಡು ಸಾಲು ರೀಡು, ಅಂದ್ರ 122 ಹಿತ್ತಾಳಿ ನಾಲಿಗಿ. ನಾಲ್ಕು ವರ್ಷದ ಹಿಂದ ಮಳಿಗಾಲದಾಗ ಅದು ಕೈ ಕೊಡ್ತು. ಒಂದು ಪಟ್ಟಿ ಒತ್ತಿದ್ರ ಬಿಟ್ಟ ಮ್ಯಾಲೂ ಕೂಗ್ತಾನ ಇರೂದು, ಎಷ್ಟ ತುಳದ್ರೂ ಗಾಳಿ ನಿಲ್ಲೂದಿಲ್ಲ, ನಾಲ್ಕು ಚರಣದ ಸಂಗೀತ ಮುಗಿಯೂದ್ರಾಗ ನನ್ನ ಮೊಣಕಾಲು ನಡಗತಿದ್ವು, ಸ್ವರನೂ ಹಂಗ ಅಳ್ಳಾಡ್ತಿತ್ತು.

ಮೊದಲು ಬ್ಯಾರೆ ಊರಿನ ಒಂದು ಅಂಗಡಿಗೆ ಕೊಟ್ವಿ, ಹೆಸರು ಬ್ಯಾಡ. ಎರಡು ತಿಂಗಳು ಇಟ್ಕೊಂಡು ತಿದಿಗೆ ಸೋಫಾಕ್ಕ ಹಾಕೂ ರೆಕ್ಸಿನ್ ಅಂಟಿಸಿ ಕಳಿಸಿದ್ರು, ಆರು ತಿಂಗಳಾಗ ಮಡಿಕಿ ಮಡಿಕಿಗೆ ಬಿರುಕು ಬಿಡ್ತು. ಸಭೆಯ ಕಾಣಿಕಿ ರೊಕ್ಕ ಅದು, ಮುದುಕಮ್ಮಗಳು ಸೆರಗಿನಾಗ ಗಂಟು ಕಟ್ಕೊಂಡು ತಂದು ಹಾಕಿದ ರೊಕ್ಕ, ನನಗ ಇವತ್ತಿಗೂ ಸಂಕಟ ಆಗತೈತಿ.

ಅಲ್ಲಿಂದ ಒಂದೂವರಿ ವರ್ಷ ಕೀಬೋರ್ಡ್ ಮ್ಯಾಲ ನಡೀತು. ಕೀಬೋರ್ಡ್ ಕೆಟ್ಟದು ಅಂತ ನಾ ಹೇಳೂದಿಲ್ಲ. ಒಂದು ಬಟನ್ ಒತ್ತಿದ್ರ ಶ್ರುತಿ ಇಳೀತೈತಿ, ಹೊತ್ಕೊಂಡು ಮನಿ ಪ್ರಾರ್ಥನಿಗೂ ಹೋಗಬಹುದು. ಆದ್ರ ಹುಡುಗ್ರು ರಿದಮ್ ಹಚ್ಚಿ ಬಾರಸಾಕತ್ತಿದ್ರು, ಆ ರಿದಮ್ ಯಾರಿಗೂ ನಿಂದರೂದಿಲ್ಲ. ಹಿಂದಿನ ಬೆಂಚಿನ್ಯಾಗ ಎಪ್ಪತ್ತು ದಾಟಿದ ಅಜ್ಜಿ ಸಾಲಿನ ಕಡೀಕ ಉಸುರು ತಗೊಳ್ಳೂದ್ರಾಗ ಮಷಿನ್ ಮುಂದಿನ ಸಾಲಿಗೆ ಹೋಗಿಬಿಡ್ತಿತ್ತು. ಒಬ್ಬೊಬ್ಬರ ಹಾಡೂದು ಬಿಟ್ರು. ಪುಸ್ತಕ ಕೈಯಾಗ ಹಿಡಕೊಂಡು ಸುಮ್ಮ ನಿಂತು ಕೇಳಾಕತ್ತಿದ್ರು. ಆರಾಧನೆಯೊಳಗ ಸಂಗೀತ ಇರೂದು ಸಭೆ ಬಾಯಿ ತೆರೀಲಿ ಅಂತ, ಸಭೆನ ಸುಮ್ಮನಾದ್ರ ನಾವು ಎಷ್ಟ ಛಲೋ ಬಾರಿಸಿದ್ರೂ ನನಗ ಅದು ಆರಾಧನೆ ಅನ್ನಿಸೂದಿಲ್ಲ.

ಆರ್ಗನ್ ನುಡಸೂದಂದ್ರ ಏನು ಕೆಲಸ ಅಂತ ಹೊರಗಿನವರಿಗೆ ಗೊತ್ತಿರೂದಿಲ್ಲ, ಅದಕ್ಕ ಹೇಳ್ತೀನಿ. ಮೊದಲ ಸಾಲು ಒಮ್ಮೆ ನುಡಿಸಿ ತೋರಿಸಿದ್ರ ಅದರಾಗ ಸಭೆಗೆ ಶ್ರುತಿನೂ ಸಿಗಬೇಕು, ವೇಗನೂ ಸಿಗಬೇಕು. ಚರಣ ಚರಣದ ನಡುವ ಎಷ್ಟ ಹೊತ್ತು ಬಿಡಬೇಕು ಅನ್ನೂದು ಅವತ್ತಿನ ಮಂದಿ ನೋಡಿ ತಿಳೀಬೇಕು. ಕರ್ತನ ಭೋಜನಕ್ಕ (ರೊಟ್ಟಿ, ದ್ರಾಕ್ಷಾರಸ ಹಂಚೂ ವಿಧಿ) ನಿಂತವರ ಸಾಲು ಎಷ್ಟ ಉದ್ದ ಐತೋ ಅಷ್ಟ ಹೊತ್ತು ತಗ್ಗಿಸಿ ನುಡಸ್ತಿರಬೇಕು, ಕಡೀ ಮನಷ್ಯಾ ಎದ್ದು ತನ್ನ ಜಾಗಕ್ಕ ಹೋಗೂದ್ರಾಗ ರಾಗ ಮುಗಿಸಿ ನಿಲ್ಲಸಬೇಕು, ನಡಬರಕ ಕತ್ತರಿಸಿದ್ರ ಎಲ್ಲಾರ ಮನಸ್ಸೂ ಕದಡತೈತಿ. ಮಣ್ಣಿಗೆ ಹೋಗೂ ಮುಂಚಿನ ಆರಾಧನೆಯೊಳಗ ಮನಿಯವರ ದನಿ ಒಡೀತೈತಿ, ಆವಾಗ ಆರ್ಗನ್ ಸ್ವಲ್ಪ ಜೋರು ಮಾಡಿ ಅವರ ದನಿ ಹೊತ್ಕೋಬೇಕು.

ಸರಿ, ರಿಪೇರಿಯವರ ವಿಷಯಕ್ಕ ಬರ್ತೀನಿ. ಇವರು ಗದಗ ಬೆಟಗೇರಿಯೊಳಗ ಇರೂದು, ಅಂಗಡಿಗೆ ಬೋರ್ಡ್ ಇಲ್ಲ, ಭಜನಿ ಮೇಳದವರನ್ನ ಕೇಳಿದ್ರ ಕರಕೊಂಡು ಹೋಗ್ತಾರ. ಭಜನಿ ಪೆಟಗಿ, ಕಂಪನಿ ನಾಟಕದವರ ಕಾಲಪೆಟಗಿ ಇವರ ಮುಖ್ಯ ಕೆಲಸ. ಚರ್ಚಿನ ಆರ್ಗನ್ ಅಂದಾಗ ಮೊದಲು ಒಪ್ಪಲಿಲ್ಲ, ನೋಡಿ ಹೇಳ್ತೀನಿ ಅಂತ ಬಸ್ ಹತ್ತಿ ಧಾರವಾಡಕ್ಕ ಬಂದ್ರು. ಬಂದವರು ಹಿಂದಿನ ಹಲಗಿ ತಗದು, ಪಟ್ಟಿ ಒತ್ತಿ ಹಿಡೀರಿ ಅಂತ ನನಗ ಹೇಳಿ, ರೀಡಿನ ಸಂದಿ ಮುಂದ ಸಿಗರೇಟ್ ಪಾಕೀಟಿನ ಒಳಗಿನ ತೆಳ್ಳನ ಹಾಳಿ ಹಿಡದ್ರು. ಹಾಳಿ ಒಳಕ್ಕ ಎಳಕೊಂಡು ಹೋತು. "ನಮ್ಮ ಪೆಟಗಿ ಉಸುರು ಬಿಡತೈತಿ, ನಿಮ್ಮದು ಎಳಕೋತೈತಿ, ಮೊದಲಿನ ಅಂಗಡಿಯವರಿಗೆ ಇದ ತಿಳೀಲಿಲ್ಲ ಕಾಣತೈತಿ" ಅಂದ್ರು. ಖರೇನ ಅದು, ಕೈಪೆಟಗಿಯೊಳಗ ತಿದಿ ಗಾಳೀನ ರೀಡಿಗೆ ದೂಡತೈತಿ, ನಮ್ಮಂಥ ಆರ್ಗನ್ನಿನ್ಯಾಗ ಪೆಡಲ್ ತುಳದಾಗ ಒಳಗಿನ ಗಾಳಿ ಹೊರಗ ಹೋಗಿ, ಹೊರಗಿನ ಗಾಳಿ ರೀಡಿನ ಮುಖಾಂತರ ಒಳಗ ಬರತೈತಿ. ಅಷ್ಟು ತಿಳದವರ ಕೈಗೆ ಕೊಡಾಕ ನನಗ ಧೈರ್ಯ ಬಂತು.

ಒಳಗ ಇಲಿ ಗೂಡು ಕಟ್ಟಿತ್ತು, ಫೆಲ್ಟ್ ಎಲ್ಲಾ ಹುಳ ತಿಂದಿತ್ತು, ಮೂರು ರೀಡು ಸೀಳಿದ್ವು, 17 ಶ್ರುತಿ ಬಿಟ್ಟಿದ್ವು. ರೀಡೆಲ್ಲಾ ನಂಬರ್ ಬರದು ಡಬ್ಬಿಯೊಳಗ ಜೋಡಿಸಿ ಒಯ್ದ್ರು. ಸೀಳಿದ್ದಕ್ಕ ಗುಜರಾತಿನ ಪಾಲಿಟಾಣಾದ ರೀಡು ತರಿಸಿ, ಅಳತಿಗೆ ತಿದ್ದಿ ಕೂಡಿಸಿದ್ರು. ಶ್ರುತಿ ಮಾಡೂದು ನಾನೂ ಕುಂತು ನೋಡೀನಿ, ನಾಲಿಗಿ ತುದಿ ಕೆರದ್ರ ಸ್ವರ ಏರತೈತಿ, ಬುಡದಾಗ ಕೆರದ್ರ ಇಳೀತೈತಿ, ಒಂದ್ ಕೂದಲಿನಷ್ಟು ಹೆಚ್ಚಾದ್ರ ಆ ರೀಡು ಹೋದಂಗ. ನಮ್ಮ ಆರ್ಗನ್ ಈಗಿನ 440 ಶ್ರುತಿಗಿಂತ (ಎ ಸ್ವರಕ್ಕ ಸೆಕೆಂಡಿಗೆ 440 ಕಂಪನ) ಸ್ವಲ್ಪ ಮ್ಯಾಲ ಐತಿ, ಎಲ್ಲಾನೂ ಇಳಸ್ಲ್ಯಾ ಅಂತ ಕೇಳಿದ್ರು, ಹಂಗ ಮಾಡಿದ್ರ 122ನ್ನೂ ಕೆರೀಬೇಕು, ನಾ ಬ್ಯಾಡ ಅಂದೆ, ಗಿಟಾರಿನ ಹುಡುಗ್ರು ತಂತಿ ಬಿಗೀತಾರ ಬಿಡ್ರಿ.

ಕಡೀ ದಿನದ್ದು ನಾ ಮರಿಯೂದಿಲ್ಲ. ಎಲ್ಲಾ ಜೋಡಿಸಿದ ಮ್ಯಾಲ "ಬರೇ ನುಡಿಸಿದ್ರ ಸಾಲೂದಿಲ್ಲ, ಹಾಡೋರನ್ನ ಕರೀರಿ, ಅವರು ಎಲ್ಲಿ ಉಸುರು ತಗೋತಾರ ನೋಡಬೇಕು" ಅಂದ್ರು. ಆರು ಮಂದಿ ಬಂದ್ರು, ಅದರಾಗ ನಾ ಹೇಳಿದ ಅಜ್ಜೀನೂ ಒಬ್ಬಾಕಿ. ಯಾವ ಪಟ್ಟಿಗೆ ಹಾಡ್ತಾರ ಅಂತ ಕೇಳಿದ್ರು, ಪುಸ್ತಕದಾಗ ಇ ಫ್ಲ್ಯಾಟ್ ಐತಿ, ಮುಂಜಾನೆ ಆರಾಧನೆಗೆ ನಾ ಸಿ ಗೆ ಇಳಸ್ತೀನಿ ಅಂದೆ, "ಹಂಗಂದ್ರ ಕರಿ ಎರಡರಿಂದ ಬಿಳಿ ಒಂದಕ್ಕ" ಅಂತ ಅವರು ತಮ್ಮ ಪೆಟಗಿಯ ಕರಿ-ಬಿಳಿ ಪಟ್ಟಿ ಲೆಕ್ಕದಾಗ ಹೇಳಿಕೊಂಡ್ರು. ಒಂದು ಚರಣ ಆದ ಮ್ಯಾಲ ತಡದು, "ಈ ಅಕ್ಷರ ಗಿಡ್ಡ ಐತಿ, ಯಾಕ ಎಳಿತೀರಿ?" ಅಂದ್ರು. ಎಂಥಾ ಕಿವಿ ನೋಡ್ರಿ! ಯಾಕ ಎಳಿತೀವಂದ್ರ, ಬಾಸೆಲ್ ಮಿಶನ್ನಿನವರು ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ, ಇವರ ಬೆಟಗೇರಿಗೇ 1841ರಾಗ ಬಂದ್ರು, ಜರ್ಮನಿ ರಾಗಕ್ಕ ಕನ್ನಡ ಮಾತು ಕೂಡಿಸಿದ್ರು, ಅಲ್ಲಿ ಎಳಿಯೂ ಸ್ವರದ ಕೆಳಗ ನಮ್ಮ ಹ್ರಸ್ವ ಬಂದು ಕುಂತುಬಿಡತೈತಿ. ಇದಕ್ಕ ಬ್ಯಾರೆ ದಾರಿ ಹುಡುಕಿದವರೂ ಇದ್ರು, ಕಿಟೆಲ್ಲರು 1862ರಾಗ ಯೇಸುವಿನ ಕಥಿನ ನಮ್ಮ ಛಂದಸ್ಸಿನ್ಯಾಗ ಕಥಾಮಾಲೆ ಅಂತ ಬರದ್ರು. ಇದನ್ನೆಲ್ಲಾ ಹೇಳಿದೆ. ಅವರು ಕೇಳಿ, ಆಕಾಶವಾಣಿಯವರು 1940ರಿಂದ 1971ರ ತನಕ ಹಾರ್ಮೋನಿಯಂ ದೂರ ಇಟ್ಟಿದ್ದ ಮಾತು ತಗದ್ರು, ಪಟ್ಟಿಯೊಳಗ ಸ್ವರ ಜಾರಸಾಕ ಬರೂದಿಲ್ಲ ಅನ್ನೂದ ಆವಾಗಿನ ದೊಡ್ಡ ತಕರಾರು. "ಭಜನಿಯವರು ಬಿಡಲಿಲ್ಲ, ನಾಟಕದವರು ಬಿಡಲಿಲ್ಲ, ನಿಮ್ಮವರೂ ಬಿಡಲಿಲ್ಲ, ಮಂದಿ ಕೂಡಿ ಹಾಡೂಕ ಆಸರಕಿ ಬೇಕಲ್ಲ" ಅಂದ್ರು. ಆಮ್ಯಾಲ ಅಜ್ಜಿ ಉಸುರು ತಗೊಳ್ಳೂ ಜಾಗಾ ನೋಡಿ, ಒಳಗಿನ ಸ್ಪ್ರಿಂಗ್ ಎರಡು ಸರ್ತಿ ಬದಲಿ ಮಾಡಿದ್ರು. ಈಗ ಸಾಲಿನ ಕಡೀಕ ನಾ ಕಾಲು ಸಾವಕಾಶ ಮಾಡಿದ್ರೂ ಸ್ವರ ಬೀಳೂದಿಲ್ಲ, ಅಜ್ಜಿಗೆ ಉಸುರಿಗೆ ಜಾಗಾ ಸಿಗತೈತಿ.

ಖರ್ಚು ಎಲ್ಲಾ ಕೂಡಿ 18,500 ಆತು, ಬಸ್ ಚಾರ್ಜ್ ಬ್ಯಾರೆ. ತಿದಿಗೆ ರಬ್ಬರ್ ಬಟ್ಟಿ ಹಾಕ್ಯಾರ, ಎರಡು ಮಳಿಗಾಲ ಕಳೀತು, ಏನೂ ಆಗಿಲ್ಲ. ತಕರಾರು ಅಂದ್ರ ಟೈಮು, ಮೂರು ವಾರ ಅಂದವರು ಎರಡೂವರಿ ತಿಂಗಳು ಮಾಡಿದ್ರು, ನಡಬರಕ ಫೋನೂ ಎತ್ತಲಿಲ್ಲ, ಆ ವರ್ಷದ ಈಸ್ಟರ್ ನಮಗ ಕೀಬೋರ್ಡಿನ ಮ್ಯಾಲನ ಆತು, ಅದು ಬ್ಯಾಸರ ಐತಿ. ಬಿಲ್ ಕೂಡ ಕೇಳಿ ಬರಸ್ಕೋಬೇಕು, ಸಭೆ ಲೆಕ್ಕಕ್ಕ ಬೇಕಾಗತೈತಿ.

ಹೋಗೋರು ಶ್ರಾವಣದಾಗ ಹೋಗಬ್ಯಾಡ್ರಿ, ಭಜನಿ ಪೆಟಗಿ ಗುಡ್ಡೆ ಬಿದ್ದಿರತಾವು, ನಿಮ್ಮದು ಮುಟ್ಟೂದಿಲ್ಲ. ಕ್ರಿಸ್ಮಸ್ ಮುಗದ ಮ್ಯಾಲ ಜನವರಿಯೊಳಗ ಕರಸ್ರಿ. ಬರೂ ದಿನ ಸಭೆಯೊಳಗ ಹಾಡೋರು ನಾಲ್ಕು ಮಂದೀನ್ನ ಮೊದಲ ಹೇಳಿ ಇಟ್ಟಿರ್ರಿ, ವಯಸ್ಸಾದವರು ಒಬ್ಬರರ ಇರ್ಲಿ.