ರೋಮನ್ ನಾಣ್ಯಗಳನ್ನು ಓದಲು ಓಸಿಆರ್‌ಇ: ಒಂದು ಉಚಿತ ಜಾಲತಾಣದ ವಿಮರ್ಶೆ

ರೋಮ್ ಚಕ್ರವರ್ತಿಗಳ ನಾಣ್ಯಗಳ ಮೇಲಿನ ಚಿತ್ರ ಮತ್ತು ಬರಹಗಳನ್ನು ಅರ್ಥಮಾಡಿಕೊಳ್ಳಬೇಕೆನ್ನುವವರು ದುಬಾರಿ ಪುಸ್ತಕಗಳಿಗೆ ಹಣ ಹಾಕುವ ಮೊದಲು ನೋಡಬೇಕಾದ ತಾಣ ‘ಆನ್‌ಲೈನ್ ಕಾಯಿನ್ಸ್ ಆಫ್ ದಿ ರೋಮನ್ ಎಂಪೈರ್’. ಬಳಸುವವರು ಇದನ್ನು ಚಿಕ್ಕದಾಗಿ ಓಸಿಆರ್‌ಇ ಎನ್ನುತ್ತಾರೆ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಚೀನ ಜಗತ್ತಿನ ಅಧ್ಯಯನ ಸಂಸ್ಥೆಯ ಜೊತೆಗೂಡಿ ರೂಪಿಸಿದ ಈ ತಾಣದಲ್ಲಿ, ಕ್ರಿ.ಪೂ. 31ರಿಂದ ಕ್ರಿ.ಶ. 491ರಲ್ಲಿ ಝೀನೋ ಚಕ್ರವರ್ತಿ ಸಾಯುವವರೆಗಿನ 43,000ಕ್ಕೂ ಹೆಚ್ಚು ನಾಣ್ಯ ನಮೂನೆಗಳ ವಿವರವಿದೆ. ಇದಕ್ಕೆ ಆಧಾರವಾಗಿರುವುದು 1923ರಿಂದ 1994ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಎಂಬ ಪಟ್ಟಿಗ್ರಂಥ. ಹಣ ಕಟ್ಟಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ.

ಒಂದು ನಾಣ್ಯವನ್ನು ಹಿಡಿದು ನೋಡಿದರೆ ತಾಣದ ಯೋಗ್ಯತೆ ತಿಳಿಯುತ್ತದೆ. ದಕ್ಷಿಣ ಭಾರತದ ನಾಣ್ಯ ನಿಧಿಗಳಲ್ಲಿ ಮತ್ತೆ ಮತ್ತೆ ಸಿಗುವ ಆಗಸ್ಟಸ್‌ನ ಬೆಳ್ಳಿಯ ದೀನಾರಿಯಸ್ ಒಂದಿದೆ. ಹುಡುಕಾಟದ ಪುಟದಲ್ಲಿ ಚಕ್ರವರ್ತಿ ಆಗಸ್ಟಸ್, ನಾಣ್ಯ ದೀನಾರಿಯಸ್, ಟಂಕಸಾಲೆ ಲುಗ್ಡುನಮ್, ಅಂದರೆ ಇಂದಿನ ಫ್ರಾನ್ಸಿನ ಲಿಯೋನ್ ನಗರ, ಎಂದು ಆರಿಸುತ್ತ ಹೋದರೆ ಮೊದಲ ಸಂಪುಟದ 207ನೆಯ ನಮೂನೆಯನ್ನು ತಲುಪುತ್ತೇವೆ. ಮುಮ್ಮುಖದಲ್ಲಿ ಲಾರೆಲ್ ಎಲೆಗಳ ಮಾಲೆ ಧರಿಸಿದ ಆಗಸ್ಟಸ್‌ನ ತಲೆ, ಸುತ್ತಲೂ ಅವನ ಬಿರುದುಗಳು. ಹಿಮ್ಮುಖದಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಯುವಕರು, ಅವರ ನಡುವೆ ಎರಡು ಗುರಾಣಿ, ಎರಡು ಈಟಿ, ಮೇಲುಗಡೆ ಒಂದು ಸೌಟು ಮತ್ತು ಒಂದು ಡೊಂಕು ಕೋಲು. ತಾಣ ಹೇಳುವುದು ಹೆಚ್ಚುಕಡಿಮೆ ಇಷ್ಟೇ, ಮುಂದಿನ ಕೆಲಸ ಓದುಗನದು.

ಆ ಕೆಲಸಕ್ಕೆ ಬೇಕಾದ ಹಿಡಿಗಳೆಲ್ಲ ಮಾತ್ರ ಈ ಪುಟದಲ್ಲೇ ಸಿಗುತ್ತವೆ. ಬರಹದಲ್ಲಿ ‘ಪಾತೆರ್ ಪಾತ್ರಿಯೇ’, ಅಂದರೆ ದೇಶದ ತಂದೆ, ಎಂಬ ಬಿರುದಿದೆ. ಆಗಸ್ಟಸ್‌ಗೆ ಅದು ದೊರೆತದ್ದು ಕ್ರಿ.ಪೂ. 2ರಲ್ಲಾದ್ದರಿಂದ ನಾಣ್ಯ ಅದಕ್ಕಿಂತ ಹಳೆಯದಾಗಿರುವುದು ಸಾಧ್ಯವೇ ಇಲ್ಲ. ಯುವಕರು ಅವನು ದತ್ತು ಪಡೆದ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್. ಸೌಟು ಗೈಯಸ್‌ನ ಪುರೋಹಿತ ಪದವಿಯ ಗುರುತಾದರೆ, ಡೊಂಕು ಕೋಲು ಲೂಸಿಯಸ್‌ಗೆ ಸಿಕ್ಕಿದ್ದ ಶಕುನ ನೋಡುವ ಪದವಿಯ ಗುರುತು. ಗುರಾಣಿ ಮತ್ತು ಈಟಿಗಳು ಕೇವಲ ಅಲಂಕಾರವಲ್ಲ. ರೋಮಿನ ಅಶ್ವಾರೋಹಿ ವರ್ಗದವರು ಈ ಇಬ್ಬರನ್ನೂ ಯುವಜನರ ನಾಯಕರೆಂದು ಕರೆದು ಬೆಳ್ಳಿಯ ಗುರಾಣಿ ಮತ್ತು ಈಟಿಗಳನ್ನು ಕೊಟ್ಟರೆಂದು ಆಗಸ್ಟಸ್ ತನ್ನ ಸಾಧನೆಗಳ ಶಾಸನದಲ್ಲೇ ಹೇಳಿಕೊಂಡಿದ್ದಾನೆ. ಹೆಬ್ಬೆರಳ ಉಗುರಿನಷ್ಟು ಬೆಳ್ಳಿಯ ಮೇಲೆ ಮುಂದಿನ ಉತ್ತರಾಧಿಕಾರಿಗಳು ಯಾರೆಂಬ ಘೋಷಣೆ ಹೀಗೆ ಅಚ್ಚಾಯಿತು. ಆದರೆ ಕ್ರಿ.ಶ. 2ರಲ್ಲಿ ಲೂಸಿಯಸ್, ಕ್ರಿ.ಶ. 4ರಲ್ಲಿ ಗೈಯಸ್ ತೀರಿಕೊಂಡರು. ಘೋಷಣೆ ಅರ್ಥ ಕಳೆದುಕೊಂಡ ಮೇಲೂ ನಾಣ್ಯ ಚಲಾವಣೆಯಲ್ಲಿತ್ತು, ಹಡಗು ಹತ್ತಿ ನಮ್ಮ ಕಡೆಗೂ ಬಂದಿತು.

ಟೈಬೀರಿಯಸ್‌ನ ದೀನಾರಿಯಸ್ ಇನ್ನೊಂದು ಬಗೆಯ ಪಾಠ ಹೇಳುತ್ತದೆ. ಅದರ ಹಿಮ್ಮುಖದಲ್ಲಿ ರಾಜದಂಡ ಮತ್ತು ರೆಂಬೆಯನ್ನು ಹಿಡಿದು ಕುಳಿತ ಒಬ್ಬ ಹೆಂಗಸಿದ್ದಾಳೆ. ಅನೇಕರು ಅವಳನ್ನು ಶಾಂತಿದೇವತೆ ಎನ್ನುತ್ತಾರೆ, ಇನ್ನು ಕೆಲವರು ಚಕ್ರವರ್ತಿಯ ತಾಯಿ ಲಿವಿಯಾ ಎನ್ನುತ್ತಾರೆ. ಬರಹದಲ್ಲಿ ಅವಳ ಹೆಸರಿಲ್ಲ, ಚಕ್ರವರ್ತಿಯ ಪ್ರಧಾನ ಪುರೋಹಿತ ಎಂಬ ಬಿರುದು ಮಾತ್ರ ಇದೆ. ಓಸಿಆರ್‌ಇ ಅವಳನ್ನು ‘ಕುಳಿತ ಸ್ತ್ರೀ’ ಎಂದಷ್ಟೇ ಕರೆದು ಸುಮ್ಮನಾಗುತ್ತದೆ. ಈ ಸಂಯಮವೇ ತಾಣದ ಅತಿ ದೊಡ್ಡ ಗುಣವೆಂದು ನನಗನಿಸುತ್ತದೆ. ಕಣ್ಣಿಗೆ ಕಾಣುವುದು ಬೇರೆ, ಅದರ ಮೇಲೆ ನಾವು ಕಟ್ಟುವ ಊಹೆ ಬೇರೆ. ನಾಣ್ಯ ಮಾರುವವರ ಜಾಹೀರಾತುಗಳಲ್ಲಿ ಇವೆರಡೂ ಬೆರೆತುಹೋಗಿರುತ್ತವೆ. ಟೈಬೀರಿಯಸ್ ಕ್ರಿ.ಶ. 14ರಿಂದ 37ರವರೆಗೆ ಆಳಿದಷ್ಟು ಕಾಲವೂ ಈ ನಮೂನೆ ಹೆಚ್ಚಿನ ಬದಲಾವಣೆಯಿಲ್ಲದೆ ಅಚ್ಚಾಯಿತು ಎಂಬುದನ್ನು ಪಟ್ಟಿಯಲ್ಲಿ ಸಾಲಾಗಿ ನೋಡಿದಾಗ, ನಾಣ್ಯಗಳೆಲ್ಲ ಆ ಕಾಲದ ಸುದ್ದಿಪತ್ರಿಕೆಗಳು ಎಂಬ ಜನಪ್ರಿಯ ಮಾತು ಎಷ್ಟು ಅರೆಬರೆಯದು ಎಂಬುದು ಸ್ಪಷ್ಟವಾಗುತ್ತದೆ. ಸೈನಿಕರಿಗೆ ಸಂಬಳ ಕೊಡುವುದು ಮತ್ತು ರಾಜ್ಯದ ಖರ್ಚು ತೂಗಿಸುವುದು ಮೊದಲ ಉದ್ದೇಶ. ಸಂದೇಶ ಅದರ ಬೆನ್ನೇರಿ ಹೋಗುತ್ತಿತ್ತು.

ಸಂದೇಶ ತುರ್ತಾಗಿದ್ದ ಸಂದರ್ಭಗಳನ್ನೂ ಹುಡುಕಿ ತೆಗೆಯಬಹುದು. ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರವನ್ನು ಹುಡುಕಿದರೆ, ಕ್ರಿ.ಶ. 69ರ ಅಂತರ್ಯುದ್ಧದ ಸುತ್ತಮುತ್ತ ‘ಸೈನ್ಯಗಳ ನಿಷ್ಠೆ’ ಎಂದು ಬರೆದ ನಾಣ್ಯಗಳೂ, ನರ್ವಾನ ಕಾಲದಲ್ಲಿ ‘ಸೈನ್ಯಗಳ ಒಮ್ಮತ’ ಎಂದು ಬರೆದ ನಾಣ್ಯಗಳೂ ಎದುರಾಗುತ್ತವೆ. ಕ್ರಿ.ಶ. 97ರಲ್ಲಿ ನರ್ವಾನ ಅಂಗರಕ್ಷಕ ಪಡೆಯೇ ಅವನ ಮೇಲೆ ತಿರುಗಿಬಿದ್ದಿತ್ತು ಎಂಬುದನ್ನು ನೆನೆದರೆ, ಆ ಬರಹವನ್ನು ಇದ್ದ ಸ್ಥಿತಿಯ ವರ್ಣನೆಯಾಗಿ ಓದದೆ ಆಳುವವನ ಆತಂಕದ ಕುರುಹಾಗಿ ಓದಬೇಕಾಗುತ್ತದೆ.

ತೂಕಗಳನ್ನು ನಕ್ಷೆಯಾಗಿ ತೋರಿಸುವ ಸೌಲಭ್ಯವನ್ನೂ ಕಡೆಗಣಿಸಬಾರದು. ಒಂದು ರೋಮನ್ ಪೌಂಡ್ ಬೆಳ್ಳಿಗೆ 84ರಂತೆ ಅಚ್ಚಾಗುತ್ತಿದ್ದ ದೀನಾರಿಯಸ್‌ಗಳನ್ನು ನೀರೋ ಕ್ರಿ.ಶ. 64ರಲ್ಲಿ 96ಕ್ಕೆ ಏರಿಸಿ, ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದ. ತೂಕದ ಈ ಇಳಿತ ಸಂಗ್ರಹಾಲಯಗಳ ನಾಣ್ಯಗಳ ಅಂಕಿಗಳಲ್ಲೇ ಕಾಣುತ್ತದೆ. ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ನಿಧಿಯ ನಾಣ್ಯಗಳು ಆಗಸ್ಟಸ್, ಟೈಬೀರಿಯಸ್ ಮತ್ತು ಕ್ಲಾಡಿಯಸ್‌ರ ಕಾಲದವು, ಎಂದರೆ ಈ ಇಳಿತಕ್ಕಿಂತ ಮುಂಚಿನ ಒಳ್ಳೆಯ ಬೆಳ್ಳಿಯವು.

ಇನ್ನು ಕೊರತೆಗಳು. ಬ್ರಿಟಿಷ್ ಮ್ಯೂಸಿಯಂ, ಬರ್ಲಿನ್‌ನ ನಾಣ್ಯ ಸಂಗ್ರಹ ಮುಂತಾದ ಕಡೆಗಳಿಂದ ಚಿತ್ರಗಳು ಸೇರಿದ್ದರೂ ಎಷ್ಟೋ ನಮೂನೆಗಳಿಗೆ ಚಿತ್ರವೇ ಇಲ್ಲ, ಬರಿಯ ವಿವರಣೆಯಿಂದಲೇ ತೃಪ್ತಿಪಡಬೇಕು. ಅಲೆಕ್ಸಾಂಡ್ರಿಯದಂಥ ಪ್ರಾಂತಗಳ ಗ್ರೀಕ್ ಬರಹದ ನಾಣ್ಯಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಹೊಸಬರನ್ನು ಕಾಡುವ ಸಣ್ಣ ತೊಡಕೊಂದಿದೆ: ರೋಮನ್ನರು ಕೆತ್ತಿದಂತೆಯೇ ಯು ಅಕ್ಷರದ ಜಾಗದಲ್ಲಿ ವಿ ಅಕ್ಷರ ಹಾಕಿ ಹುಡುಕಬೇಕು. ಬಿರುದುಗಳ ಸಂಕ್ಷೇಪಗಳನ್ನು ಬಿಡಿಸಿಕೊಳ್ಳುವುದನ್ನೂ ಬೇರೆಡೆ ಕಲಿತು ಬರಬೇಕು. ಶಾಲಾ ವಿದ್ಯಾರ್ಥಿಗೆ ನೇರವಾಗಿ ಕೈಗಿಡುವಂಥ ತಾಣ ಇದಲ್ಲ. ಪಕ್ಕದಲ್ಲಿ ಕುಳಿತು ಹೇಳಿಕೊಡುವ ಮೇಷ್ಟ್ರು ಬೇಕು.

ಕನ್ನಡದ ಆಸಕ್ತರಿಗೆ ಇನ್ನೂ ಹೆಚ್ಚು ಕೊರೆಯುವ ಮಿತಿ ಬೇರೆಯೇ ಇದೆ. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಕಚ್ಚು ಹಾಕಲಾಗಿದೆ. ದಕ್ಷಿಣದಲ್ಲಿ ಅಕ್ಷರಗಳು ಅಂಕುಡೊಂಕಾದ ಸ್ಥಳೀಯ ಅನುಕರಣೆಗಳೂ, ಕೊರಳಿಗೆ ಹಾಕಿಕೊಳ್ಳಲು ತೂತು ಕೊರೆದ ನಾಣ್ಯಗಳೂ ಸಿಕ್ಕಿವೆ. ರೋಮಿನ ಟಂಕಸಾಲೆಯಲ್ಲಿ ಕೊಟ್ಟ ಅರ್ಥ ಇಲ್ಲಿ ಕಳಚಿಬಿದ್ದು, ನಾಣ್ಯವು ತೂಗುವ ಲೋಹವಾಗಿ, ಒಡವೆಯಾಗಿ ಎರಡನೆಯ ಬದುಕು ಪಡೆದದ್ದನ್ನು ನಮೂನೆಗಳ ಪಟ್ಟಿಯೊಂದು ಹೇಳಲಾರದು. ಅದಕ್ಕೆ ಉತ್ಖನನದ ವರದಿಗಳನ್ನೇ ಓದಬೇಕು.

ನಾಣ್ಯ ಕೊಳ್ಳುವ ಹವ್ಯಾಸಿಗಳಿಗೆ ಒಂದು ಮಾತು. ಇಲ್ಲಿ ಬೆಲೆಯೂ ಸಿಗುವುದಿಲ್ಲ, ಅಸಲಿ ನಕಲಿಯ ತೀರ್ಪೂ ಸಿಗುವುದಿಲ್ಲ. ಆದರೆ ಮಾರುವವರು ಹೇಳುವ ನಮೂನೆ ಸಂಖ್ಯೆಯನ್ನು ಇಲ್ಲಿ ತೆರೆದು, ಬರಹವನ್ನು ಅಕ್ಷರ ಅಕ್ಷರವಾಗಿ, ತೂಕವನ್ನು ಸಂಗ್ರಹಾಲಯದ ನಾಣ್ಯಗಳ ತೂಕದೊಂದಿಗೆ ಹೋಲಿಸಿ ನೋಡಲು ಸ್ವಲ್ಪ ಹೊತ್ತು ಸಾಕು. ಎರಡರಲ್ಲಿ ಒಂದು ಹೊಂದದಿದ್ದರೂ ಹಣ ಕೊಡುವ ಮೊದಲೇ ಕಾರಣ ಕೇಳಿ.