ಹ್ಯಾಂಡ್‌ಹೆಲ್ಡ್ ಜಿಪಿಎಸ್ ತಗೊಳ್ಳುವ ಮುಂಚೆ ಬ್ಯಾಟರಿ ತೆಗೆದು ನೋಡಿ

ಕೈಯಲ್ಲಿ ಹಿಡಿಯುವ ಜಿಪಿಎಸ್ ಸೆಟ್ ತಗೊಂಡು, ಅದರಲ್ಲಿ ದಾರಿ ನೋಡಿಕೊಂಡು ಕಾರು ಓಡಿಸಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಇದನ್ನು ಮಾರಿದ ಅಂಗಡಿಯವರು ಇವತ್ತೂ ಇನ್ಯಾರಿಗೋ ಮ್ಯಾಪ್ ಹಾಕಿ ಕೊಡ್ತೀವಿ ಅಂತ ಹೇಳಿ ಮಾರುತ್ತಿರುತ್ತಾರೆ.

ನಮ್ಮಕ್ಕನ ಮನೆ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ಅಲ್ಲಿ ಫೋನಿಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊದಲೆಲ್ಲ ಹಿನ್ನೀರು ದಾಟಿಸುವ ಲಾಂಚ್ (ದೋಣಿ) ಹೊರಡುವ ಹೊತ್ತಿಗೆ ಸರಿಯಾಗಿ ಹೋಗಿ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಅಕ್ಕ, "ಇನ್ನು ಲಾಂಚ್ ಕಾಯೋ ಗೋಳಿಲ್ಲ, ಅಮ್ಮನ್ನ ಕರ್ಕೊಂಡು ಯಾವಾಗ ಬೇಕಾದ್ರೂ ಬಾ" ಅಂದಳು. ಇಷ್ಟು ವರ್ಷ ಬಸ್ಸಿನಲ್ಲೇ ಹೋಗಿದ್ದು. ನಾನೇ ಕಾರು ಓಡಿಸಿಕೊಂಡು ಹೋಗೋದು ಇದೇ ಮೊದಲು. ಅದಕ್ಕೇ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುವ ಜಿಪಿಎಸ್ ಒಂದಿರಲಿ ಅಂತ ಬೆಂಗಳೂರಿನ ಒಂದು ಅಂಗಡಿಗೆ ಹೋದೆ.

ಸೆಟ್ಟಿಗೆ 14,000. "ಫುಲ್ ಇಂಡಿಯಾ ಮ್ಯಾಪ್ ಕಾರ್ಡ್ ಹಾಕಿ, ಟ್ರೈನಿಂಗೂ ಕೊಟ್ಟು ಕಳಿಸ್ತೀವಿ" ಅಂತ ಮೇಲೆ 2,500. ಟ್ರೈನಿಂಗ್ ಅಂದರೆ ಅಂಗಡಿಯ ಕೌಂಟರಿನಲ್ಲಿ ಅರ್ಧ ಗಂಟೆ. ಅವರ ಕೈಯಲ್ಲಿದ್ದ ಸೆಟ್‌ನಲ್ಲಿ ರಸ್ತೆ, ತಿರುವು, ಊರಿನ ಹೆಸರು, ಎಲ್ಲ ಇತ್ತು. ಪುಟ್ಟ ಗುರುತೊಂದು ರಸ್ತೆ ಮೇಲೆ ಓಡುತ್ತಿತ್ತು. ನಾವು ನಿಂತಿದ್ದು ಕಾಂಕ್ರೀಟ್ ಕಟ್ಟಡದ ಒಳಗೆ. ಅಲ್ಲಿ ಸ್ಯಾಟಲೈಟ್ ಎಲ್ಲಿಂದ ಸಿಗಬೇಕು? ಅದು ಡೆಮೊ ಮೋಡ್, ಅಂದರೆ ಗಿರಾಕಿಗೆ ತೋರಿಸೋಕೆ ಸುಮ್ಮನೆ ಓಡಿಸುವುದು, ಅಂತ ಆಮೇಲೆ ಗೊತ್ತಾಯಿತು. ಅವರು ತೋರಿಸಿದ್ದು ಕೌಂಟರಿನ ಸೆಟ್, ನನಗೆ ಕೊಟ್ಟಿದ್ದು ಡಬ್ಬಿಯೊಳಗಿನದು. ನನ್ನದನ್ನು ಆನ್ ಮಾಡಿ ತೋರಿಸಲೇ ಇಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದು ಒಂದು ವಾರ ಕೂತು ಕಲಿತೆ. ಟೆರೇಸ್ ಮೇಲೆ ಹೋಗಿ ಸ್ಯಾಟಲೈಟ್ ಪುಟ ನೋಡಿದೆ. ಜಾಗ ಗೊತ್ತಾಗೋಕೆ ನಾಲ್ಕು ಸಾಕು, ನನಗೆ ಒಂಬತ್ತು ಸಿಕ್ಕಿತ್ತು. ಅಕ್ಕನ ಮಗಳು ಕಳಿಸಿದ ಅಕ್ಷಾಂಶ ರೇಖಾಂಶ ಒಂದೊಂದೇ ಅಂಕಿ ಒತ್ತಿ ಸೇರಿಸಿ, 'ಅಕ್ಕನ ಮನೆ' ಅಂತ ಹೆಸರು ಕೊಟ್ಟು ಸೇವ್ ಮಾಡಿದೆ. ಎಲ್ಲ ಸರಿಯಾಗೇ ಮಾಡಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತೆ.

ಶಿವಮೊಗ್ಗದವರೆಗೆ ತೊಂದರೆ ಇಲ್ಲ, ಹೆದ್ದಾರಿ. ಆನಂದಪುರದ ಹತ್ತಿರ ಸೆಟ್ಟಿನ ಪರದೆಯಲ್ಲಿ ದಿಕ್ಕು ತೋರಿಸುವ ಬಾಣ ಎಡಕ್ಕೆ ವಾಲಿತು. ಅಮ್ಮ ಕೇಳಿದರು, "ಸಾಗರದ ಮೇಲೆ ಅಲ್ವೇನೋ ಹೋಗೋದು?" ನಾನು ಹೇಳಿದೆ, "ಹೊಸ ಸೇತುವೆ ಆಗಿದೆಯಲ್ಲಮ್ಮ, ದಾರಿ ಬದಲಾಗಿರಬೇಕು. ಇದು ಹತ್ತಿರದ ದಾರಿ ತೋರಿಸ್ತಿದೆ." ಎಡಕ್ಕೆ ತಿರುಗಿಸಿದೆ. ಅಡಿಕೆ ತೋಟ, ಆಮೇಲೆ ಕಾಡು, ಆಮೇಲೆ ರಸ್ತೆಯೇ ಸಣ್ಣದಾಗುತ್ತಾ ಹೋಯಿತು. ಕವಲು ಬಂದಾಗ ಕಾರು ನಿಲ್ಲಿಸಿ ನೋಡಿದರೆ ಬಾಣ ಎತ್ತೆತ್ತಲೋ ತಿರುಗುತ್ತಿತ್ತು. ಇಂಥ ಸೆಟ್‌ಗಳಲ್ಲಿ ಒಳಗೆ ದಿಕ್ಸೂಚಿ ಇಲ್ಲದಿದ್ದರೆ ಚಲಿಸುವಾಗ ಮಾತ್ರ ದಿಕ್ಕು ತಿಳಿಯುತ್ತೆ, ನಿಂತರೆ ಇಲ್ಲ. ಟ್ರೈನಿಂಗ್‌ನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಕೊನೆಗೆ ಟಾರು ರಸ್ತೆ ನೀರಿನೊಳಗೆ ಇಳಿದುಬಿಟ್ಟಿತು. ರಸ್ತೆ ಮುಗಿದಿರಲಿಲ್ಲ, ಹಾಗೇ ಇಳಿಜಾರಾಗಿ ಹಿನ್ನೀರಿನ ಕೆಳಗೆ ಹೋಗಿತ್ತು. ಸಂಜೆ ಆರೂಕಾಲು. ಸೆಟ್ ಮೇಲೆ 'ಅಕ್ಕನ ಮನೆ, 11 ಕಿ.ಮೀ.' ಪರದೆಯಲ್ಲಿ ಒಂದು ನೇರ ಗೆರೆ, ಅಷ್ಟೇ. ನೀರೂ ಇಲ್ಲ, ರಸ್ತೆಯೂ ಇಲ್ಲ. ದನ ಹೊಡೆದುಕೊಂಡು ಬರುತ್ತಿದ್ದ ಒಬ್ಬರು ನಿಂತು ಹೇಳಿದರು, "ಇದು ಹಳೇ ರಸ್ತೆ ಮಾರಾಯ್ರೆ, ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ್ಲೇ ಮುಳುಗಿದ್ದು. ವಾಪಸ್ ಸಾಗರಕ್ಕೆ ಹೋಗಿ." ಆ ಡ್ಯಾಮ್ ಆಗಿದ್ದು 1964ರಲ್ಲಿ! ಅಮ್ಮ ಒಂದು ಮಾತೂ ಆಡಲಿಲ್ಲ. ಅವರಿಗೆ ಎಪ್ಪತ್ತೆಂಟು ವರ್ಷ. ಆ ಕತ್ತಲಲ್ಲಿ, ಆ ತಿರುವುಗಳಲ್ಲಿ ವಾಪಸ್ ಬಂದು, ಸಾಗರ ಸುತ್ತಿ, ಸೇತುವೆ ದಾಟಿ ಅಕ್ಕನ ಮನೆ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಊಟಕ್ಕೆ ಕಾದು ಕಾದು ಬೀಗರೆಲ್ಲ ಬಾಗಿಲಲ್ಲೇ ನಿಂತಿದ್ದರು.

ಭಾವನ ಅಣ್ಣನ ಮಗ ಕಾಡಿನ ಸರ್ವೆಗೆ ಇಂಥದ್ದೇ ಸೆಟ್ ಹಿಡಿದು ಓಡಾಡುವ ಹುಡುಗ. ಅವನು ಹಿಂದಿನ ಮುಚ್ಚಳ ತೆಗೆದ. ಎರಡು ಬ್ಯಾಟರಿ ಹೊರಗೆ ತೆಗೆದ. ಅವುಗಳ ಕೆಳಗೆ ಮೆಮೊರಿ ಕಾರ್ಡಿನ ಜಾಗ. ಬೆರಳುಗುರಿನಷ್ಟು ಜಾಗ. ಖಾಲಿ.

"ಮಾವ, ಕಾರ್ಡೇ ಇಲ್ಲ ಇದ್ರಲ್ಲಿ" ಅಂದ.

ಕಂಪನಿಯಿಂದ ಬರುವ ಬೇಸ್‌ಮ್ಯಾಪ್ ಒಂದಿತ್ತು, ಅದರಲ್ಲಿ ದೊಡ್ಡ ಊರು, ದೊಡ್ಡ ಹೆದ್ದಾರಿ ಬಿಟ್ಟರೆ ಏನೂ ಇಲ್ಲ. ರೂಟಿಂಗ್, ಅಂದರೆ ದಾರಿ ತೋರಿಸುವ ಸೆಟ್ಟಿಂಗ್, 'ಡೈರೆಕ್ಟ್' ಅಂತ ಇತ್ತು, ಅಂದರೆ ಹಕ್ಕಿ ಹಾರಿದ ಹಾಗೆ ನೇರ ಗೆರೆ. ಜಿಪಿಎಸ್ ನಾವು ಎಲ್ಲಿದ್ದೇವೆ ಅಂತ ಹೇಳುತ್ತೆ. ರಸ್ತೆ ಹೇಳೋದು ಮ್ಯಾಪ್. ಆ ಮ್ಯಾಪಿಗೇ ನಾನು ದುಡ್ಡು ಕೊಟ್ಟಿದ್ದು, ಅದನ್ನೇ ಅವರು ಹಾಕಿರಲಿಲ್ಲ.

ಬೆಳಿಗ್ಗೆ ಅಕ್ಕನ ಮನೆ ಫೋನಿನಿಂದಲೇ ಅಂಗಡಿಗೆ ಮಾಡಿದೆ. ಅವರ ಉತ್ತರಗಳನ್ನು ಹಾಗೆಹಾಗೇ ಬರೆಯುತ್ತೇನೆ.

"ದಿಕ್ಕು ಕರೆಕ್ಟಾಗೇ ತೋರಿಸಿದೆಯಲ್ಲ ಸರ್, ಮತ್ತೇನು?"

"ಕಾರ್ಡ್ ನೀವೇ ಬ್ಯಾಟರಿ ಹಾಕುವಾಗ ಬೀಳಿಸಿರ್ತೀರ, ಮನೇಲಿ ಹುಡುಕಿ."

"ಡಬ್ಬಿ ಓಪನ್ ಆದ್ಮೇಲೆ ವಾಪಸ್ ಇಲ್ಲ. ಮ್ಯಾಪ್ ಬೇಕಾದ್ರೆ ತನ್ನಿ, ಹಾಕಿಕೊಡ್ತೀವಿ, 3,500 ಆಗುತ್ತೆ."

ಕೊನೆಗೆ, "ಸರ್, ನಿಮ್ಮ ವಯಸ್ಸಿಗೆ ಇದು ಸ್ವಲ್ಪ ಕಷ್ಟ. ನಿಮಗೆ ಬಳಸೋಕೆ ಬರ್ತಿಲ್ಲ ಅಷ್ಟೇ."

ಈ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಂದು ವಾರ ಕೂತು ಕಲಿತಿದ್ದೇನೆ. ಒಂಬತ್ತು ಸ್ಯಾಟಲೈಟ್ ಹಿಡಿದಿದ್ದೇನೆ. ನಾನು ಸೇರಿಸಿದ ಅಕ್ಷಾಂಶ ರೇಖಾಂಶ ಅಕ್ಕನ ಮನೆ ಅಂಗಳಕ್ಕೇ ಬರುತ್ತಿತ್ತು, ಆ ಹುಡುಗ ನೋಡಿ ಹೇಳಿದ. ನನಗೆ ಬಳಸೋಕೆ ಬರುತ್ತೆ. ಕಾರ್ಡ್ ಹಾಕದೆ ಕೊಟ್ಟವರು ಅವರು!

ಬಿಲ್ ತೆಗೆದು ನೋಡಿದರೆ ಮ್ಯಾಪ್ ಅನ್ನೋ ಪದವೇ ಇಲ್ಲ. ಆ 2,500ಕ್ಕೆ 'ಅಕ್ಸೆಸರೀಸ್' ಅಂತ ಬರೆದಿದ್ದಾರೆ.

ಆ ಹುಡುಗ ತನ್ನದೇ ಒಂದು ಹಳೇ ಕಾರ್ಡಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮ್ಯಾಪ್ ಇಳಿಸಿ ಹಾಕಿಕೊಟ್ಟ. ಅದು ಪುಕ್ಕಟೆ ಸಿಗುತ್ತೆ. ಹಿನ್ನೀರು, ಕಾಡಿನ ರಸ್ತೆ, ಎಲ್ಲ ಬಂತು. ಪುಕ್ಕಟೆ ಸಿಗೋದಕ್ಕೆ ನನ್ನ ಹತ್ತಿರ 2,500 ತಗೊಂಡು, ಅದನ್ನೂ ಹಾಕದೆ, ಮತ್ತೆ 3,500 ಕೇಳಿದರು.

ತಗೊಳ್ಳಲೇಬೇಕು ಅಂತಿದ್ದರೆ ನಿಮಗೆ ಕೊಡುವ ಸೆಟ್ಟನ್ನೇ ಆನ್ ಮಾಡಿಸಿ, ಅಂಗಡಿಯ ಹೊರಗೆ ಬಯಲಿಗೆ ತನ್ನಿ. ನಿಮ್ಮೂರಿನ ಒಂದು ಸಣ್ಣ ರಸ್ತೆ ಅದರಲ್ಲಿ ಇದೆಯಾ ನೋಡಿ. ಬ್ಯಾಟರಿ ತೆಗೆಸಿ ಕಾರ್ಡ್ ಕಣ್ಣಾರೆ ನೋಡಿ. ಬಿಲ್ಲಿನಲ್ಲಿ ಮ್ಯಾಪಿನ ಹೆಸರು ಬರೆಸಿ. ಬರೀ ಕಾರಿನ ದಾರಿಗೆ ಬೇಕಾದರೆ ನಿಮ್ಮ ಫೋನೇ ಸಾಕು, ಮ್ಯಾಪ್ ಮನೆಯಲ್ಲೇ ಮುಂಚೆ ಡೌನ್‌ಲೋಡ್ ಮಾಡಿಕೊಳ್ಳಿ. ಫೋನಿನ ಜಿಪಿಎಸ್ಸಿಗೆ ನೆಟ್‌ವರ್ಕ್ ಬೇಕಿಲ್ಲ. ಇದೊಂದು ಮಾತು ಯಾರಾದರೂ ನನಗೆ ಮುಂಚೆ ಹೇಳಿದ್ದರೆ!

1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ದೂರಿನ ನಂಬರನ್ನೂ ಖಾಲಿ ಜಾಗದ ಫೋಟೊವನ್ನೂ ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ. ನೋಡಿದ್ದಾರೆ. ಹನ್ನೊಂದು ದಿನ ಆಯಿತು, ಉತ್ತರ ಇಲ್ಲ.