ಕಂಪನಿ ಕೊಟ್ಟ ಆರೋಗ್ಯ ವಿಮೆ ಇದೆಯಾ? ಆಸ್ಪತ್ರೆ ರೂಮ್ ಬಾಡಿಗೆ ಮಿತಿ ಎಷ್ಟು ಅಂತ ಇವತ್ತೇ ಕೇಳಿ

ಕೊಡಗಿನ ರೆಸಾರ್ಟ್, ಹೋಂಸ್ಟೇ, ಕುಶಾಲನಗರದ ಕಾಫಿ ಕ್ಯೂರಿಂಗ್ ಕೆಲಸದಲ್ಲಿರುವವರು ದಯವಿಟ್ಟು ಓದಿ. ವಿಮೆ ಕಾರ್ಡ್ ಮೇಲೆ ಬರೆದಿರುವ ಲಕ್ಷದ ಲೆಕ್ಕವನ್ನೇ ನಂಬಿ ಕೂರಬೇಡಿ.

ನಾನು ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿದ್ದೇನೆ. ನಮಗೆ 2 ಲಕ್ಷದ ಗ್ರೂಪ್ ಪಾಲಿಸಿ, ಅಂದರೆ ನೌಕರರಿಗೆಲ್ಲ ಸೇರಿಸಿ ಮ್ಯಾನೇಜ್‌ಮೆಂಟ್ ಮಾಡಿಸಿದ ವಿಮೆ ಇದೆ, ಅಪ್ಪ ಅಮ್ಮನೂ ಸೇರಿ. ಕಳೆದ ಮಳೆಗಾಲದಲ್ಲಿ ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್‌ಗೆ ಮೈಸೂರಿಗೆ ಕರೆದೊಯ್ದೆವು. ಅಲ್ಲಿ ಖಾಲಿ ಇದ್ದದ್ದು ದಿನಕ್ಕೆ 4,000 ರೂಪಾಯಿಯ ರೂಮ್ ಒಂದೇ.

ಡಿಸ್ಚಾರ್ಜ್ ದಿನ ಗೊತ್ತಾಯಿತು, ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ವಿಮೆ ಮೊತ್ತದ ಶೇ. 1 ಮಾತ್ರ. ಅಂದರೆ ದಿನಕ್ಕೆ 2,000. ಜಾಸ್ತಿಯಾದ ಬಾಡಿಗೆ ನಾವು ಕೊಟ್ಟರೆ ಮುಗಿಯಿತು ಅಂದುಕೊಂಡರೆ, ಇಲ್ಲ. ರೂಮಿನ ದರ್ಜೆ ಮೇಲೆ ಡಾಕ್ಟರ್ ಫೀಸ್, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚೂ ಏರುತ್ತದೆ ಅಂತ ಅವನ್ನೂ ಅರ್ಧಕ್ಕೆ ಇಳಿಸಿದರು. ಈ ಖರ್ಚುಗಳ 90,000 ಬಿಲ್‌ಗೆ ಕೊಟ್ಟದ್ದು 45,000. ಅಷ್ಟು ಸಾಲದು ಅಂತ ಔಷಧಿ, ಟೆಸ್ಟ್, ಮೂಳೆಗೆ ಹಾಕಿದ ರಾಡ್, ಎಲ್ಲದರಲ್ಲೂ ಅರ್ಧ ಕಡಿತ. ಮಳೆಗಾಲದಲ್ಲಿ ನಮ್ಮ ಕಡೆ ಕೈಯಲ್ಲಿ ದುಡ್ಡೆಲ್ಲಿರುತ್ತದೆ? ಮೆಣಸು ಕೊಯ್ಲಿಗೆ ಇನ್ನೂ ತಿಂಗಳುಗಳಿದ್ದವು. ಸಾಲ ಮಾಡಿ ಅಪ್ಪನನ್ನು ಮನೆಗೆ ತಂದೆವು.

ಕೊನೆಗೆ ಹೇಳಿದ ಆ ಕಡಿತ ತಪ್ಪು. ಔಷಧಿ, ಟೆಸ್ಟ್, ಇಂಪ್ಲಾಂಟ್‌ಗೆ ಹೀಗೆ ಕತ್ತರಿ ಹಾಕುವಂತಿಲ್ಲ, ಐಸಿಯು ಖರ್ಚಿಗೂ ಇಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ. ರೂಮ್ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಬೇರೆ ಖರ್ಚಲ್ಲೂ ಕಡಿತ ಮಾಡುವಂತಿಲ್ಲ. ಬಿಲ್ ಜೊತೆ ವಿಮಾ ಕಂಪನಿಗೆ ಬರೆದು ಕೊಟ್ಟ ಮೇಲೆ ಆ ಭಾಗದ ದುಡ್ಡು ಬಂತು. ಉಳಿದದ್ದು ಹೋಯಿತು.

ಆಮೇಲೆ ತಿಳಿದದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಏಜೆಂಟ್ ಕೊಟ್ಟ ಕೊಟೇಶನ್‌ನಲ್ಲಿ ಈ ಮಿತಿ ಇಲ್ಲದ ಪಾಲಿಸಿಯೂ ಇತ್ತು, ಪ್ರೀಮಿಯಂ ಸ್ವಲ್ಪ ಜಾಸ್ತಿ ಅಷ್ಟೇ. ಮ್ಯಾನೇಜ್‌ಮೆಂಟ್ ಅಗ್ಗದ್ದನ್ನು ಆರಿಸಿತು, ನಮಗೆ ಒಂದು ಮಾತೂ ಹೇಳಲಿಲ್ಲ. ಕೊಡಗಿಗೆ ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲಿ ಟ್ವಿಟರ್‌ನಲ್ಲಿ ಎಷ್ಟು ಕೂಗಿದ್ದೆವು, ನೆನಪಿದೆ ಅಲ್ವಾ? ಕಷ್ಟದ ಕಾಯಿಲೆಗೆ ನಾವು ಈಗಲೂ ಮೈಸೂರಿಗೋ ಮಂಗಳೂರಿಗೋ ಓಡುತ್ತೇವೆ. ಅಲ್ಲಿನ ರೂಮ್ ದರ ನೋಡದೆ ಇಲ್ಲಿಯ ನೌಕರರಿಗೆ ಪಾಲಿಸಿ ಮಾಡಿಸುವುದು ಅನ್ಯಾಯ.

ಎಚ್‌ಆರ್ ಹತ್ತಿರ ಪಾಲಿಸಿಯ ಪೂರ್ತಿ ಪ್ರತಿ ಕೇಳಿ, ಕಾರ್ಡ್ ಸಾಲದು. ಅಪ್ಪ ಅಮ್ಮನ ಹೆಸರು ನಿಜವಾಗಿ ಸೇರಿದೆಯಾ, ಅವರ ಬಿಲ್‌ನಲ್ಲಿ ನಾವು ಪಾಲು ಕೊಡಬೇಕಾ ನೋಡಿ. ಅಡ್ಮಿಟ್ ಮಾಡುವಾಗಲೇ ಮಿತಿಯೊಳಗಿನ ಶೇರಿಂಗ್ ರೂಮ್ ಕೇಳಿ. ಕಡಿತ ತಪ್ಪು ಅನಿಸಿದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಿ. ಅಲ್ಲಿ ಆಗದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಅದಕ್ಕೆ ಶುಲ್ಕ ಇಲ್ಲ, ಗ್ರೂಪ್ ಪಾಲಿಸಿಯ ದೂರನ್ನೂ ತೆಗೆದುಕೊಳ್ಳುತ್ತಾರೆ.

ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಣ ಆಗುತ್ತದೆ. ಬಾಡಿಗೆ ಮಿತಿ ತೆಗೆಯಿರಿ ಅಂತ ಕೇಳಲು ಅದೇ ಸಮಯ. ನಾವು ಎಲ್ಲರೂ ಸಹಿ ಹಾಕಿ ಮ್ಯಾನೇಜರ್‌ಗೆ ಅರ್ಜಿ ಕೊಟ್ಟಿದ್ದೇವೆ.